ಪೂಜೆಗೆ ಕೂರಿಸಿದ ಸರ್ವರ್

ಮನೆಗೆ ಸುಣ್ಣ ಬಳಿಸುವ ನೆಪದಲ್ಲಿ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿಯಿತು. ಅದರೊಂದಿಗೆ ಹಳೆಯ ಕಂಪ್ಯೂಟರಿನ ಡಬ್ಬವೂ ಇಳಿಯಿತು. ಧೂಳು ಕೊಡವಿ ನೋಡುತ್ತೇನೆ, ಅದರ ಹಣೆಯ ಮೇಲೆ, ಅಂದರೆ ಚಾಲೂ ಮಾಡುವ ಗುಂಡಿಗಿಂತ ಸ್ವಲ್ಪ ಮೇಲಕ್ಕೆ, ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಒದ್ದೆ ಬಟ್ಟೆಯಿಂದ ಒರೆಸಿದೆ. ವಿಭೂತಿ ಹೋಯಿತು. ಕುಂಕುಮ ಮಾತ್ರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು. "ಸೋಪು ಹಾಕಿ ಉಜ್ರಿ, ಹೋಗ್ತೈತೆ" ಎಂದಳು ಹೆಂಡತಿ. ನಾನು ಉಜ್ಜಲಿಲ್ಲ. ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳದ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನೀವು ಕೇಳಬಹುದು, ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ದರಲ್ಲಿ ವಿಶೇಷವೇನು, ಆಯುಧಪೂಜೆಯ ದಿನ ನಮ್ಮ ಕಡೆ ಯಾರೂ ಹಚ್ಚುವುದಿಲ್ಲವೇ ಎಂದು. ನಿಜ. ದಾವಣಗೆರೆಯಲ್ಲಿ ಅವತ್ತು ಇಡ್ಲಿ ರುಬ್ಬುವ ಯಂತ್ರದಿಂದ ಹಿಡಿದು ಬ್ಯಾಂಕಿನ ದುಡ್ಡಿನ ಪೆಟ್ಟಿಗೆಯವರೆಗೆ ಎಲ್ಲದಕ್ಕೂ ಚೆಂಡು ಹೂವು ಬೀಳುತ್ತದೆ. ನಮ್ಮ ಡಬ್ಬದ ಸಂಗತಿ ಬೇರೆ. ಅದು ಬರೀ ಕಂಪ್ಯೂಟರ್ ಆಗಿರಲಿಲ್ಲ, ಸರ್ವರ್ ಆಗಿತ್ತು. ಸರ್ವರ್ ಎಂದರೆ ಹೆದರಬೇಡಿ. ಖಾನಾವಳಿಯಲ್ಲಿ ಬಡಿಸುವವನಿದ್ದಂತೆ. ಯಾರು ಬಂದು ಏನು ಕೇಳಿದರೂ ತನ್ನಲ್ಲಿರುವುದನ್ನು ತಂದು ಮುಂದಿಡುವುದು ಅದರ ಕೆಲಸ. ಹರಿಹರದ ಕಾಲೇಜೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವ ನಾನು ಪ್ರತಿ ವರ್ಷ ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ: 'ಸರ್ವರ್ ಎಂದರೆ ರಜೆ ಇಲ್ಲದ ನೌಕರ.' ಆ ಸಾಲು ನನ್ನದೇ. ಬರೆದು ಮುಗಿಸಿ, ಮಕ್ಕಳು ನಗಲಿ ಎಂದು ಒಂದು ಗಳಿಗೆ ಕಾಯುತ್ತಿದ್ದೆ. ಈಗ ಅದನ್ನು ಬರೆಯುವುದಿಲ್ಲ.

ಈ ನೌಕರನನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹುಚ್ಚು ಹತ್ತಿದ್ದು ಖಲೀಲ್ ಸಾಬರಿಂದ. ಕರೂರು ಕೈಗಾರಿಕಾ ಪ್ರದೇಶದ ಹತ್ತಿರ ಅವರದೊಂದು ಅಂಗಡಿ. ಸುಟ್ಟುಹೋದ ಮೋಟಾರುಗಳ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಅವರ ರಕ್ತ ಓ ನೆಗೆಟಿವ್. ಯಾವಾಗಲೋ ಒಮ್ಮೆ ಯಾರಿಗೋ ಕೊಟ್ಟರಂತೆ, ಆ ರೋಗಿಯ ಮನೆಯವರು ಸಾಲಾಗಿ ನಿಂತು ಕೈ ಮುಗಿದರಂತೆ. "ಅಷ್ಟು ಜನ ಕೈ ಮುಗಿದ್ರೆ ಹೆದರಿಕಿ ಆಗ್ತೈತ್ರಿ ಮೇಷ್ಟ್ರೇ. ನಾನೊಬ್ಬ ಊರಾಗ ಇಲ್ದಿದ್ರೆ ಇವ್ರು ಏನು ಮಾಡ್ತಿದ್ರು ಅನ್ಸ್ತು" ಎನ್ನುತ್ತಿದ್ದರು. ಆವತ್ತಿನಿಂದ ತಮ್ಮಂಥ ಇತರರನ್ನು ಹುಡುಕಲು ಶುರುಮಾಡಿದರು. ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕ, ಒಂದೊಂದು ರಕ್ತದ ಗುಂಪಿಗೆ ಕೆಲವು ಹಾಳೆ, ಪ್ರತಿ ಸಾಲಿನಲ್ಲಿ ಒಂದು ಹೆಸರು, ಊರು, ಫೋನ್ ನಂಬರು. ಎಣ್ಣೆ ಕೈಯಲ್ಲಿ ಮುಟ್ಟಿ ಮುಟ್ಟಿ ಹಾಳೆಗಳ ಮೂಲೆ ಕಪ್ಪಾಗಿದ್ದವು.

ನಮ್ಮೂರು ಆಸ್ಪತ್ರೆಗಳ ಊರು. ಸುತ್ತಲಿನ ಹಳ್ಳಿಗಳ ಸಂಕಟವೆಲ್ಲ ಆಂಬುಲೆನ್ಸಿನಲ್ಲಿ ಇಲ್ಲಿಗೇ ಬರುತ್ತದೆ. ಹೀಗಾಗಿ ಖಲೀಲ್ ಸಾಬರ ಫೋನು ಊಟದ ಹೊತ್ತಿಗೂ ನಮಾಜಿನ ಹೊತ್ತಿಗೂ ಬಡಿದುಕೊಳ್ಳುತ್ತಿತ್ತು. ನಮ್ಮ ಮನೆಯ ನೀರೆತ್ತುವ ಮೋಟಾರ್ ತೆಗೆದುಕೊಂಡು ಹೋದ ದಿನ ಅದನ್ನು ನೋಡಿದೆ. ಒಂದು ಕೈಯಲ್ಲಿ ತಂತಿಯ ಸುತ್ತು ಹಿಡಿದು, ಇನ್ನೊಂದು ಕೈಯಲ್ಲಿ ಪುಸ್ತಕದ ಹಾಳೆ ತಿರುವಿ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ನಂಬರು ಓದಿ ಹೇಳುತ್ತಿದ್ದರು. ನನಗೆ ಕನಿಕರ ಬಂತು. ಕನಿಕರಕ್ಕಿಂತ ಹೆಚ್ಚಾಗಿ ನನ್ನ ಜಾಣತನ ತೋರಿಸಲು ಒಂದು ಜಾಗ ಸಿಕ್ಕಿತೆಂದು ಖುಷಿಯಾಯಿತು. "ಸಾಬ್ರೇ, ಈ ಪುಸ್ತಕಾನ ನನಗ ಕೊಡ್ರಿ. ಎಲ್ಲರ ಫೋನ್‌ದಾಗೂ ಕಾಣೋ ಹಂಗ ಮಾಡ್ತೀನಿ. ನಿಮ್ಮನ್ನ ಯಾರೂ ಕೇಳೋದೇ ಬ್ಯಾಡ" ಎಂದೆ.

ಯಾವುದಾದರೂ ಕಂಪನಿಯ ಜಾಗದಲ್ಲಿ ಪುಕ್ಕಟೆಯಾಗಿ ಇಡಬಹುದಿತ್ತು. ಸಹೋದ್ಯೋಗಿಯೊಬ್ಬರು ಹೇಳಿದರು ಕೂಡ. ನಾನು ಒಪ್ಪಲಿಲ್ಲ. ನಮ್ಮೂರವರ ಹೆಸರು, ನಂಬರು ಪರದೇಶದ ಕಂಪ್ಯೂಟರಿನಲ್ಲಿ ಯಾಕೆ ಕೂರಬೇಕು ಎಂದು ಒಂದು ಭಾಷಣ ಬಿಗಿದೆ. ಮಾತೇನೋ ಸರಿಯೇ. ಆದರೆ ನಿಜ ಹೇಳಲೇ? 'ಇದು ನಮ್ಮ ಮನೆಯಲ್ಲೇ ಓಡುತ್ತದೆ' ಎಂದು ಹೇಳಿಕೊಳ್ಳುವ ಚಪಲ ನನಗೆ. ಮಗಳು ಬಿಟ್ಟ ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿದೆ. ಪುಟಗಳನ್ನು ಬಡಿಸುವ ಪ್ರೋಗ್ರಾಂ ಕೂರಿಸಿದೆ. ಹೊರಗಿನವರು ಒಳಗೆ ಬರಲು ಮೋಡೆಮ್ಮಿನಲ್ಲಿ ಒಂದು ಕಿಂಡಿ ತೆರೆದೆ. ಇಂಟರ್‌ನೆಟ್ ಕೊಡುವವರು ನಮ್ಮ ಕಂಪ್ಯೂಟರಿನ ನೆಟ್ ವಿಳಾಸವನ್ನು ಮನಸ್ಸಿಗೆ ಬಂದಾಗ ಬದಲಿಸುತ್ತಿದ್ದರು. ಅದಕ್ಕೊಂದು ಉಪಾಯ ಹುಡುಕಲು ಎರಡು ವಾರ ಹೋಯಿತು. ಕರೆಂಟು ಹೋದಾಗ ನಿಲ್ಲದಿರಲೆಂದು ಯುಪಿಎಸ್ಸಿನ ಹಿಂದೆ ಕಾರಿನ ಬ್ಯಾಟರಿ ಜೋಡಿಸಿದೆ. ಕಡೆಗೊಂದು ದಿನ ಹರಿಹರದ ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡುತ್ತೇನೆ, ಪುಟ ತೆರೆದುಕೊಂಡಿತು! ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಗೆ ತೋರಿಸಿದೆ. ಆಕೆ ನೋಡಿ, "ಯಾರ ಮದುವಿದಪ್ಪಾ?" ಎಂದು ಕೇಳಿದರು.

ನಮ್ಮವ್ವನಿಗೆ ಮಾತ್ರ ಅದರ ಮೇಲೆ ಗೌರವ. ಹಗಲೂ ರಾತ್ರಿ ಮಿಣುಕುವ ಅದರ ಹಸಿರು ದೀಪವನ್ನು ಕಂಡು, "ಇದು ನಂದಾದೀಪ ಕಣೋ, ಇದರಿಂದ ಜೀವ ಉಳಿತಾವಂತಲ್ಲ" ಎನ್ನುತ್ತಿದ್ದರು. ಬೆಳಿಗ್ಗೆ ಚಹಾ ಕುಡಿಯುತ್ತ ನಾನು ಅದರ ದಾಖಲೆ ಓದುತ್ತಿದ್ದೆ. ಯಾರಾದರೂ ಬಂದರೆ ಎಷ್ಟು ಹೊತ್ತಿಗೆ ಬಂದರು, ಯಾವ ಗುಂಪಿನ ಪುಟ ನೋಡಿದರು ಎಂದು ಅದು ಒಂದೊಂದು ಸಾಲು ಬರೆದಿಡುತ್ತದೆ. ಸಾಲುಗಳು ಹೆಚ್ಚಾದ ದಿನ ನನಗೆ ಹಿಗ್ಗು. ಆ ಸಾಲುಗಳ ಹಿಂದೆ ಯಾರೋ ಆಸ್ಪತ್ರೆಯ ಬೆಂಚಿನ ಮೇಲೆ ಬೆವರುತ್ತ ಕೂತಿರುತ್ತಾರೆ ಎಂಬುದು ಆಗ ತಲೆಗೆ ಹೋಗುತ್ತಿರಲಿಲ್ಲ.

ಇನ್ನೊಂದು ಜಾಣತನವನ್ನೂ ಮಾಡಿದೆ. ಆಸ್ಪತ್ರೆಗಳ ಸುತ್ತಲ ಚಹಾದಂಗಡಿಗಳಲ್ಲಿ, ಔಷಧಿ ಅಂಗಡಿಗಳಲ್ಲಿ ಅಂಟಿಸಲು ಚೀಟಿ ಮಾಡಿಸಿದೆ. ಮೇಲೆ ದಪ್ಪಕ್ಷರದಲ್ಲಿ ಪುಟದ ವಿಳಾಸ. ಕೆಳಗೆ ಸಣ್ಣದಾಗಿ ಖಲೀಲ್ ಸಾಬರ ನಂಬರು. ನಡುವೆ ಒಂದು ಸಾಲು: 'ಫೋನ್ ಮಾಡುವ ಮೊದಲು ಇಲ್ಲಿ ನೋಡಿ.' ಸಾಬರಿಗೆ ಊಟದ ಹೊತ್ತಿನಲ್ಲಾದರೂ ನೆಮ್ಮದಿ ಸಿಗಲಿ ಎಂಬುದು ನನ್ನ ಉದ್ದೇಶ. ಸಿಕ್ಕಿತು ಕೂಡ. ಫೋನು ಕಡಿಮೆಯಾಯಿತು. ಪುಸ್ತಕವನ್ನು ಅವರು ನನ್ನ ಬಳಿಯೇ ಬಿಟ್ಟರು. ಹೊಸ ಹೆಸರು ಸಿಕ್ಕರೆ ನನಗೆ ಹೇಳುತ್ತಿದ್ದರು, ನಾನು ಎರಡೂ ಕಡೆ ಸೇರಿಸುತ್ತಿದ್ದೆ.

ಆ ವರ್ಷದ ಆಯುಧಪೂಜೆಯ ಹಿಂದಿನ ದಿನ ಸಾಬರು ಹೂವಿನ ಪೇಟೆಯಿಂದ ಎರಡು ಮಾರು ಚೆಂಡು ಹೂವು ತಂದುಕೊಟ್ಟರು. ಅವರ ಅಂಗಡಿಯಲ್ಲೂ ಯಂತ್ರಗಳಿಗೆ ಕೆಲಸದವರು ಹೂ ಹಾಕುತ್ತಾರೆ. ಸಾಬರೇ ಮಂಡಕ್ಕಿ, ಪೇಡೆ ಹಂಚುತ್ತಾರೆ. "ನಿಮ್ಮ ಯಂತ್ರಕ್ಕೂ ಒಂದಿಷ್ಟು ಇರ್ಲಿ. ವರ್ಷ ಪೂರಾ ದುಡದೈತೆ, ಅದಕ್ಕೂ ಸುಸ್ತಾಗಿರ್ತೈತೆ" ಎಂದರು.

ಪೂಜೆಗೆ ಕೂರಿಸಿದ ಆಯುಧವನ್ನು ಅವತ್ತು ಬಳಸಬಾರದು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನೇಮ. ಲೇತ್ ಮಷೀನು ತಿರುಗುವುದಿಲ್ಲ, ಹೊಲಿಗೆ ಯಂತ್ರದ ಸೂಜಿ ಇಳಿಯುವುದಿಲ್ಲ, ಮರುದಿನ ಪೂಜೆ ಮಾಡಿ ಎಬ್ಬಿಸಿದ ಮೇಲೆಯೇ ಕೆಲಸ. ಗಾಡಿಗಳಿಗೆ ಮಾತ್ರ ಈ ನೇಮದಿಂದ ವಿನಾಯಿತಿ. ಬೆಳಿಗ್ಗೆ ಸ್ನಾನ ಮಾಡಿ ಬಂದವನೇ ನಾನು ಯುಪಿಎಸ್ಸಿನಿಂದ ಸರ್ವರಿನ ಪ್ಲಗ್ಗು ಕಿತ್ತೆ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಹಸಿರು ದೀಪ ಆರಿತು. ನನಗೆ ಏನೂ ಅನ್ನಿಸಲಿಲ್ಲ. ಒಂದು ಕ್ಷಣವೂ ಹಿಂದೆ ಮುಂದೆ ನೋಡಲಿಲ್ಲ ಎಂಬುದನ್ನು ಇವತ್ತಿಗೂ ನಂಬಲಾಗುವುದಿಲ್ಲ. ರಜೆ ಇಲ್ಲದ ನೌಕರ ಎಂದು ಬರೆಯುವ ಕೈಯೇ ಪ್ಲಗ್ಗನ್ನೂ ಕಿತ್ತಿತು. ಡಬ್ಬವನ್ನು ಒರೆಸಿ, ವಿಭೂತಿ ಬಳಿದು, ಪಕ್ಕದಲ್ಲಿ ಬಾಳೆ ಎಲೆಯ ಮೇಲೆ ಸಾಬರ ಪುಸ್ತಕವನ್ನೂ ಇಟ್ಟು ಹೂ ಮುಚ್ಚಿದೆವು. ಆಮೇಲೆ ಮನೆಗೆ ಬೀಗ ಹಾಕಿ ಎಲ್ಲರೂ ಹರಿಹರಕ್ಕೆ, ಹೆಂಡತಿಯ ತವರಿಗೆ ಊಟಕ್ಕೆ ಹೋದೆವು.

ಹೋಳಿಗೆ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಸಾಬರ ಫೋನು ಬಂತು. "ಮೇಷ್ಟ್ರೇ, ನಿಮ್ಮ ಪೇಜು ತೆರಿತಿಲ್ಲಂತಲ್ರೀ."

"ಇವತ್ತು ಆಯುಧಪೂಜಿ ಅಲ್ರೀ ಸಾಬ್ರೇ, ಬಂದ್ ಮಾಡೇನಿ" ಎಂದು ನಾನು ನಕ್ಕೆ. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅವರು ನಗಲಿಲ್ಲ. ಆನಗೋಡಿನ ಒಬ್ಬಳು ಹೆಣ್ಣುಮಗಳು, ನೇತ್ರಾವತಿ ಎಂದು ಹೆಸರು. ಬೆಳಿಗ್ಗೆ ಹೆರಿಗೆಯಾಗಿದೆ, ಮಗು ಚೆನ್ನಾಗಿದೆ, ತಾಯಿಯ ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್. ಇದ್ದ ಬಾಟಲಿ ಏರಿಸಿಯಾಗಿದೆ. ಸಾಬರು ಹಿಂದಿನ ತಿಂಗಳಷ್ಟೇ ಬೇರೆಯವರಿಗೆ ರಕ್ತ ಕೊಟ್ಟಿದ್ದರು, ಮತ್ತೆ ಕೊಡುವಂತಿರಲಿಲ್ಲ. ಅವರ ಫೋನಿನಲ್ಲಿದ್ದ ಮೂವರಲ್ಲಿ ಇಬ್ಬರು ಊರಲ್ಲಿಲ್ಲ, ಒಬ್ಬರು ಎತ್ತುತ್ತಿಲ್ಲ. ಮಿಕ್ಕ ನಂಬರುಗಳೆಲ್ಲ ಪುಸ್ತಕದಲ್ಲಿ. "ಅವಳ ತಮ್ಮ ಒಂದು ತಾಸಿನಿಂದ ನಿಮ್ಮ ಪೇಜು ಒತ್ತಿಕೊಂತ ಕೂತಿದ್ನಂತೆ. ಮೊದಲು ಇಲ್ಲಿ ನೋಡಿ ಅಂತ ಚೀಟ್ಯಾಗ ಐತಲ್ಲ. ಈಗ ನನಗ ಫೋನ್ ಮಾಡ್ಯಾನ" ಎಂದರು.

ಅವ್ವ ಪಕ್ಕದಲ್ಲಿದ್ದರು. "ಪೂಜಿಗೆ ಇಟ್ಟಿದ್ದನ್ನ ಇವತ್ತೇ ಎಬ್ಬಿಸ್ತೀಯೇನೋ?" ಎಂದರು. ವಿಷಯ ಹೇಳಿದೆ. "ಹಂಗಾರೆ ನಿಂತಿದೀ ಯಾಕ? ಓಡು!" ಎಂದು ಗದರಿಸಿದರು.

ಬೈಕಿಗೆ ಕಟ್ಟಿದ್ದ ಬಾಳೆಕಂದನ್ನು ಕೀಳಲೂ ಇಲ್ಲ. ದಾರಿಯುದ್ದಕ್ಕೂ ಒಡೆದ ಕುಂಬಳಕಾಯಿ, ಹೂ ಹೊತ್ತ ಲಾರಿಗಳ ಮೆರವಣಿಗೆ. ಅರ್ಧ ಗಂಟೆಯ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬೀಗ ತೆಗೆದು ಒಳಗೆ ನುಗ್ಗಿದವನು ಏನು ಮಾಡಿದೆ ಹೇಳಿ? ಕಂಪ್ಯೂಟರಿನ ಹೂ ಸರಿಸಿ, ಪ್ಲಗ್ಗು ಸಿಕ್ಕಿಸಿ, ಗುಂಡಿ ಒತ್ತಿ ಅದರ ಮುಂದೆ ಕೂತೆ. ಬೆಳಿಗ್ಗೆ ದಡಕ್ಕನೆ ಪ್ಲಗ್ಗು ಕಿತ್ತಿದ್ದರಿಂದ ಅದು ತನ್ನ ಡಿಸ್ಕನ್ನು ತಾನೇ ಪರೀಕ್ಷಿಸಿಕೊಳ್ಳಲು ಶುರುಮಾಡಿತು. ನೂರರಲ್ಲಿ ನಾಲ್ಕು ಆಯಿತು ಎಂದಿತು. ಆರು ಆಯಿತು ಎಂದಿತು. ನಾನು ಪರದೆ ನೋಡುತ್ತ ಬೆವರುತ್ತಿದ್ದೆ. ಸಾಬರು ಎರಡು ಸಲ ಫೋನ್ ಮಾಡಿದರು. "ಬರ್ತೈತೆ, ಬರ್ತೈತೆ" ಎಂದೆ. ಹತ್ತು ನಿಮಿಷ ಕಳೆದ ಮೇಲೆ ಅವರೇ ಕೇಳಿದರು: "ನನ್ನ ಪುಸ್ತಕ ಎಲ್ಲೈತ್ರಿ?"

ಪುಸ್ತಕ ನನ್ನ ಮೊಣಕೈಯ ಪಕ್ಕದಲ್ಲೇ, ಹೂವಿನ ಕೆಳಗೆ ಇತ್ತು.

ಹಾಳೆ ತಿರುವಿ ಸಾಬರಿಗೆ ನಂಬರು ಓದಿ ಹೇಳಿದೆ, ಅವರು ಒಂದೊಂದಕ್ಕೇ ಫೋನ್ ಮಾಡಿದರು. ಐದನೆಯವರು ಫೋನ್ ಎತ್ತಿದರು. ಎತ್ತಿದ ತಕ್ಷಣ ಹೊರಟೂಬಿಟ್ಟರು, ಪುಣ್ಯಾತ್ಮರು. ಅವರು ಇದ್ದದ್ದು ಹರಿಹರದಲ್ಲಿ, ನಾನು ಹೋಳಿಗೆ ಉಂಡ ಮನೆಯಿಂದ ಎರಡು ಓಣಿ ಆಚೆ. ನಾನು ಬಂದ ದಾರಿಯಲ್ಲೇ, ಅದೇ ಲಾರಿಗಳನ್ನು ದಾಟಿಕೊಂಡು ಅವರು ದಾವಣಗೆರೆಗೆ ಬರಬೇಕಾಯಿತು. ನಾನೂ ಆಸ್ಪತ್ರೆಗೆ ಹೋಗಿ ಕಾದೆ. ರಕ್ತ ತೆಗೆದ ಮೇಲೂ ಅದನ್ನು ಪರೀಕ್ಷಿಸಲು ಹೊತ್ತು ಬೇಕು ಎಂಬುದು ನನಗೆ ಅವತ್ತೇ ತಿಳಿದದ್ದು. ಬಾಟಲಿ ವಾರ್ಡಿಗೆ ಹೋಗುವ ಮೊದಲೇ ನೇತ್ರಾವತಿ ತೀರಿಕೊಂಡಿದ್ದಳು. "ಮೊದಲೇ ಸಿಕ್ಕಿದ್ದರೂ ಉಳೀತಿದ್ರು ಅಂತ ಹೇಳೋಕಾಗಲ್ಲ" ಎಂದರು ಡಾಕ್ಟರು. ಉಳಿಯುತ್ತಿರಲಿಲ್ಲ ಎಂದೂ ಅವರು ಹೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಒಂದು ತಪ್ಪು ಎಂದುಕೊಂಡು ಹೇಗೋ ನುಂಗಿಕೊಳ್ಳುತ್ತಿದ್ದೆ. ಮುಗಿಯಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳ ತಮ್ಮ ನಾಗರಾಜ ನನ್ನ ಹತ್ತಿರ ಬಂದ. ಇಪ್ಪತ್ತೈದರ ಆಸುಪಾಸಿನ ರೈತ. ಅಕ್ಕನ ಗಂಡ ಗೋಡೆಗೆ ಒರಗಿ ಪಕ್ಕದಲ್ಲೇ ನಿಂತಿದ್ದ. ನಾಗರಾಜ ತನ್ನ ಫೋನು ತೋರಿಸಿದ. "ನೀವೇನ್ರಿ ಈ ಪೇಜು ಮಾಡಿದವ್ರು? ಬಾಳ ಸಲ ಒತ್ತಿದೆ ಸಾರ್. ಬರೇ ತಿರುಗ್ತಿತ್ತು. ಯಾಕ ತೆರಿಲಿಲ್ರಿ?"

ಖಲೀಲ್ ಸಾಬರು ನನ್ನ ಮುಖ ನೋಡಿದರು.

"ನೆಟ್‌ವರ್ಕ್ ಸಿಕ್ಕಿರಲ್ಲ ಬಿಡಪ್ಪ. ಕೆಲವು ಫೋನ್‌ದಾಗ ಅದು ತೆರೆಯಂಗಿಲ್ಲ" ಎಂದೆ.

ಆ ಹುಡುಗ ಫೋನನ್ನು ತಿರುಗಿಸಿ ಹಿಂದೆ ಮುಂದೆ ನೋಡಿದ. "ಹಂಗಾರೆ ನನ್ನ ಫೋನೇ" ಎಂದ. ನಾನು ತಲೆ ಅಲ್ಲಾಡಿಸಿದೆನೋ ಇಲ್ಲವೋ ನೆನಪಿಲ್ಲ. ಅಲ್ಲ ಎನ್ನಲಿಲ್ಲ ಎಂಬುದಂತೂ ನೆನಪಿದೆ.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ದಾಖಲೆ ತೆರೆದೆ. ಹಿಂದಿನ ದಿನ ನಸುಕಿನಲ್ಲಿ ಒಂದು ಸಾಲು, ಆಮೇಲೆ ಸಂಜೆಯ ಒಂದು ಸಾಲು. ನಡುವೆ ಏನೂ ಇಲ್ಲ. ಆ ಹುಡುಗ ಒಂದು ತಾಸು ಒತ್ತಿದ್ದಕ್ಕೆ ಅಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ಆರಿದ ಸರ್ವರಿಗೆ ಬಂದವರು ಗೊತ್ತಾಗುವುದಿಲ್ಲ. ನನಗೆ ಗೊತ್ತಿತ್ತು, ಸಾಬರಿಗೆ ಗೊತ್ತಿತ್ತು, ಅಷ್ಟೇ. ಒಂದು ವಾರದ ಮೇಲೆ ಸಾಬರು ಬಂದು ಬಾಗಿಲಲ್ಲೇ ನಿಂತು, "ಆ ಪುಸ್ತಕ ಕೊಡ್ರಿ" ಎಂದರು. ಕೂಡ್ರಿ ಎಂದೆ. ಕೂಡಲಿಲ್ಲ. ಚೀಟಿಗಳನ್ನೆಲ್ಲ ಅವರೇ ಅಂಗಡಿ ಅಂಗಡಿಗೆ ಹೋಗಿ ಕಿತ್ತರೆಂದು ಆಮೇಲೆ ಕೇಳಿದೆ. ನಾನು ಡಬ್ಬವನ್ನು ಅಟ್ಟಕ್ಕೆ ಏರಿಸಿದೆ.

ಮೂರು ವರ್ಷ ಹೀಗೇ ಹೋಯಿತು. ಆ ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಮೂರು ವಾರದ ಹಿಂದೆ ಮನೆಯ ಮೋಟಾರ್ ಸುಟ್ಟಿತು. ಬೇರೆ ಕಡೆ ಕೊಟ್ಟೆ, ಎರಡೇ ದಿನಕ್ಕೆ ಮತ್ತೆ ಸುಟ್ಟಿತು. ವಿಧಿಯಿಲ್ಲದೆ ಸಾಬರ ಹತ್ತಿರ ಒಯ್ದೆ. ಅವರು ಮೋಟಾರು ಬಿಚ್ಚುತ್ತ, ತಲೆ ಎತ್ತದೆಯೇ ಹೇಳಿದರು: "ಆನಗೋಡಿನ ನಾಗರಾಜ ಮೊನ್ನೆ ಬಂದಿದ್ದ, ಬೋರಿನ ಮೋಟಾರ್ ತಗೊಂಡು. ಅವನ ಭಾವ ಅವನನ್ನ ಮನಿಗೆ ಸೇರಿಸಂಗಿಲ್ಲಂತೆ. ಕೆಟ್ಟ ಫೋನ್ ಒತ್ತಿಕೊಂತ ಕೂತು ನನ್ನ ಹೆಂಡ್ತಿನ ಕೊಂದಿ ಅಂತಾನಂತೆ. ಅಕ್ಕನ ಮಗಳನ್ನ ಎತ್ಕೊಳ್ಳಾಕೂ ಬಿಡಲ್ಲ. ಅದೇ ಊರಾಗ ಐತೆ ಕೂಸು, ದೂರ ನಿಂತು ನೋಡಿ ಬರ್ತಾನಂತೆ."

"ನೀವಾದ್ರೂ ಹೇಳಬಾರದಾಗಿತ್ತೇನ್ರಿ ಸಾಬ್ರೇ?"

"ಹೂವು ತಂದ್ಕೊಟ್ಟವ ನಾನು. ಅಷ್ಟು ತಪ್ಪು ನಂದೂ ಐತೆ. ಆದ್ರ ಸುಳ್ಳು ಹೇಳಿದವರು ನೀವು. ಅದನ್ನ ನಾನು ಬಿಚ್ಚಿದ್ರೆ ಅವನ ಭಾವ ನಂಬಂಗಿಲ್ಲ. ಮೇಷ್ಟ್ರು ಹೇಳ್ಯಾರ ಅಂತಾನ."

ಮೇಷ್ಟ್ರು ಹೇಳಿದ್ದಾರೆ! ಆ ಮಾತಿನ ಬೆಲೆ ನನಗೆ ಅವತ್ತು ತಿಳಿಯಿತು. ಆದರೂ ಎದ್ದು ಹೋದೆನೇ? ಇಲ್ಲ. ಪರೀಕ್ಷೆಯ ಕೆಲಸ, ಸುಣ್ಣದವರು ಬರುತ್ತಾರೆ, ಅವ್ವನ ಮಂಡಿನೋವು ಎಂದು ಹತ್ತು ದಿನ ತಳ್ಳಿದೆ. ಹೇಡಿಗೆ ನೆಪಗಳಿಗೇನು ಬರ. ಅಂಗಳದ ಮೆಟ್ಟಿಲ ಮೇಲೆ ಆ ಡಬ್ಬದ ಎದುರು ಕೂತದ್ದು ಗುರುವಾರ. ಭಾನುವಾರ ಆನಗೋಡಿಗೆ ಹೋದೆ.

ನಾಗರಾಜ ಮನೆಯ ಮುಂದೆ ಮೆಕ್ಕೆಜೋಳ ಹರವುತ್ತಿದ್ದ. ಗುರುತು ಹಿಡಿದ. "ಬರ್ರಿ ಸಾರ್, ಕೂಡ್ರಿ" ಎಂದು ನೀರು ತಂದುಕೊಟ್ಟ. ನೀರು ಕುಡಿದರೆ ಮಾತು ಜಾರಿಹೋಗುತ್ತದೆ ಎನಿಸಿ ಚೊಂಬನ್ನು ಕೆಳಗಿಟ್ಟು, ನಿಂತುಕೊಂಡೇ ಹೇಳಿದೆ. ಅವತ್ತು ಸರ್ವರ್ ಬಂದ್ ಮಾಡಿದ್ದು ನಾನೇ ಎಂದೆ. ಪೂಜೆಗೆ ಕೂರಿಸಿದ್ದೆ ಎಂದೆ. ಪುಸ್ತಕ ಪಕ್ಕದಲ್ಲಿದ್ದರೂ ಹತ್ತು ನಿಮಿಷ ಪರದೆ ನೋಡುತ್ತ ಕೂತದ್ದನ್ನೂ ಬಿಡಲಿಲ್ಲ. ನೆಟ್‌ವರ್ಕಿನ ಮಾತು ಸುಳ್ಳು ಎಂದೆ.

ಅವನು ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವನು ಕಾಳು ಹರವುವ ಹಲಗೆಯನ್ನು ಕೈಗೆತ್ತಿಕೊಂಡ.

"ಹಂಗಾರೆ ನನ್ನ ಫೋನ್ ಚಲೋ ಇತ್ತಾ?" ಎಂದು ಕೇಳಿದ.

"ಚಲೋ ಇತ್ತಪ್ಪ."

"ನಾನು ಒತ್ತಿದ್ದೂ ಸರಿ ಇತ್ತಾ?"

"ಎಲ್ಲಾ ಸರಿ ಇತ್ತು."

ಅವನು ಹಲಗೆಯನ್ನು ಗೋಡೆಗೆ ಒರಗಿಸಿದ. ಕೈ ತೊಳೆದು, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. "ಇದನ್ನ ನಮ್ಮ ಭಾವನ ಮುಂದೂ ಹೇಳ್ತೀರೇನ್ರಿ?" ಎಂದ. ಹೇಳುತ್ತೇನೆ ಎಂದೆ.

ಎರಡು ಓಣಿ ದಾಟಿದೆವು. ಅವನೇ ಮುಂದೆ ನಡೆಯುತ್ತಿದ್ದ. ಹಸಿರು ಬಾಗಿಲಿನ ಮನೆಯ ಮುಂದೆ ಮೂರು ವರ್ಷದ ಹುಡುಗಿಯೊಂದು ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿತ್ತು. ನಾಗರಾಜನನ್ನು ಕಂಡು ಅದು ನಗಲೂ ಇಲ್ಲ, ಅಳಲೂ ಇಲ್ಲ. ಗುರುತಿಲ್ಲದವರನ್ನು ಮಕ್ಕಳು ನೋಡುವಂತೆ ನೋಡಿತು. ಅವನು ಬೀದಿಯಲ್ಲೇ ನಿಂತುಬಿಟ್ಟ.

"ನೀವು ಮುಂದ ಹೋಗ್ರಿ ಸಾರ್" ಎಂದ. "ನನ್ನ ಮಾತು ಅವ್ರು ನಂಬಂಗಿಲ್ಲ."

ನಾನು ಚಪ್ಪಲಿ ಕಳಚಿ ಮೆಟ್ಟಿಲು ಹತ್ತಿದೆ.